ಡಾನಿ ಬ್ರಾಸ್ಕೊ: ಮಳೆ ರಜೆಯಲ್ಲಿ ನೋಡಿದ ಮಾಫಿಯಾ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವನು ನಾನು. ಮಳೆಗೆ ಮೂರು ದಿನ ಕೆಲಸ ನಿಂತಿತ್ತು. ಕರೆಂಟು ಬಂದು ಹೋಗಿ ಮಾಡುತ್ತಿದ್ದರೂ ಮಗನ ಲ್ಯಾಪ್‌ಟಾಪಿನಲ್ಲಿ ‘ಡಾನಿ ಬ್ರಾಸ್ಕೊ’ ನೋಡಿ ಮುಗಿಸಿದೆ. 1997ರ ಸಿನಿಮಾ, ನಿರ್ದೇಶಕ ಮೈಕ್ ನೆವೆಲ್. ಅಮೆರಿಕದ ತನಿಖಾ ಪೊಲೀಸ್ ಎಫ್‌ಬಿಐನ ಜೋಸೆಫ್ ಪಿಸ್ಟೋನ್, ಡಾನಿ ಬ್ರಾಸ್ಕೊ ಅಂತ ಹೆಸರು ಬದಲಿಸಿಕೊಂಡು ನ್ಯೂಯಾರ್ಕ್ ಮಾಫಿಯಾದೊಳಗೆ ಸೇರಿಕೊಂಡ ನಡೆದ ಕತೆ. ಜಾನಿ ಡೆಪ್ ಆ ಪಿಸ್ಟೋನ್. ಅವನನ್ನು ನಂಬಿ ಒಳಗೆ ಕರೆದುಕೊಂಡು ಹೋಗುವ ಲೆಫ್ಟಿ, ಅಲ್ ಪಚಿನೊ.

ನೆವೆಲ್ ಇಂಗ್ಲೆಂಡಿನವನು, 1994ರಲ್ಲಿ ಮದುವೆಮನೆಗಳ ಕಾಮಿಡಿ ತೆಗೆದು ಹೆಸರಾದವನು. ಬಂದೂಕಿಗಿಂತ ಅವನ ಕಣ್ಣು ಇವರ ಹೊಟ್ಟೆಪಾಡಿನ ಮೇಲೆ. ಮಾಫಿಯಾದವನು ಸುತ್ತಿಗೆ ಹಿಡಿದು ಪಾರ್ಕಿಂಗ್ ಮೀಟರ್ ಒಡೆಯುತ್ತಾನೆ ಮಾರಾಯ್ರೆ, ಒಳಗಿನ ಚಿಲ್ಲರೆಗೆ! ಮೇಲಿನವರಿಗೆ ಪಾಲು ತಲುಪಿಸಲೇಬೇಕಲ್ಲ. ಮೂವತ್ತು ವರ್ಷ ದುಡಿದ ಲೆಫ್ಟಿಯನ್ನು ಬಿಟ್ಟು ಇನ್ನೊಬ್ಬನಿಗೆ ಬಡ್ತಿ ಸಿಕ್ಕಾಗ ಪಚಿನೊ ಮುಖ ನೋಡಬೇಕು. ನಾನು ಮೊದಲಿದ್ದ ತೋಟದಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದರು. ನಿನ್ನೆ ಮೊನ್ನೆ ಬಂದ ಹುಡುಗನ ಕೈಗೆ ಜೀಪಿನ ಕೀ ಕೊಟ್ಟ ಶನಿವಾರ, ಬಟವಾಡೆ ತೆಗೆದುಕೊಳ್ಳಲು ಬಂದವರು ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡು ಹೋದರು. ಅದೇ ಮುಖ.

ಜಪಾನಿ ಹೋಟೆಲಿನ ದೃಶ್ಯವೊಂದಿದೆ. ಬೂಟು ಬಿಚ್ಚಿ ಒಳಗೆ ಬನ್ನಿ ಅನ್ನುತ್ತಾರೆ. ಡೆಪ್ ಬೂಟಿನಲ್ಲಿ ಟೇಪ್ ರೆಕಾರ್ಡರ್. ಏನೋ ಸುಳ್ಳು ಹೇಳಿ ತಾನು ಪಾರಾಗುತ್ತಾನೆ, ಪಾಪದ ಹೋಟೆಲಿನವನು ಒದೆ ತಿನ್ನುತ್ತಾನೆ. ಹೊಡೆಯುವವರಲ್ಲಿ ಡೆಪ್ ಕೂಡ ಒಬ್ಬ. ಪೊಲೀಸನು ಯಾವಾಗ ರೌಡಿಯಾದ ಅಂತ ಯಾರ ಬಾಯಲ್ಲೂ ಹೇಳಿಸುವುದಿಲ್ಲ ನೆವೆಲ್.

ಪಿಸ್ಟೋನ್ ಮನೆಯ ಗಂಡ ಹೆಂಡಿರ ಜಗಳಗಳು ಮಾತ್ರ ಬೇಜಾರು. ಪ್ರತಿ ಸಲ ಅದೇ ದೂರು, ಅದೇ ಬಾಗಿಲು ಬಡಿತ. ಎರಡು ಕಡಿಮೆ ಮಾಡಬಹುದಿತ್ತು.

ಕೊನೆ ಗೊತ್ತಾಗಬಾರದು ಅನ್ನುವವರು ಈ ಸಾಲು ಬಿಡಿ: ಮಾಫಿಯಾದವರು ಕರೆದ ಫೋನ್ ಬಂದ ಮೇಲೆ, ಇನ್ನು ವಾಪಸು ಬರುವುದಿಲ್ಲ ಅಂತ ತಿಳಿದ ಲೆಫ್ಟಿ ಮೈಮೇಲಿನ ಒಡವೆ, ದುಡ್ಡು ಒಂದೊಂದೇ ತೆಗೆದು ಡ್ರಾಯರಿಗೆ ಹಾಕುತ್ತಾನೆ, ಹೆಂಡತಿಗೆ ಕಾಣಲಿ ಅಂತ ಡ್ರಾಯರನ್ನು ಪೂರ್ತಿ ಮುಚ್ಚುವುದಿಲ್ಲ. ಅಳು ಇಲ್ಲ, ಗುಂಡಿಲ್ಲ.

ಸಬ್‌ಟೈಟಲ್ ಹಾಕಿಕೊಂಡೇ ನೋಡಿ; ಪಚಿನೊ ಗೊಣಗಿದ್ದು ಅರ್ಧ ನನಗೆ ತಿಳಿಯಲಿಲ್ಲ. ಎರಡು ಗಂಟೆ ದಾಟುತ್ತದೆ, ನಮ್ಮ ಕಡೆಯವರು ಬ್ಯಾಟರಿ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ.