ಸ್ವಹಿತದ ಲೆಕ್ಕವೋ, ನೀತಿಯ ಓದೋ?

ಕಲಬುರಗಿಯಲ್ಲಿ ಪದವಿ ಮುಗಿಸಿದ ನಮ್ಮ ತಂಗಿ ಕೇಳಿದಳು: ಮುಂದೆ ಅರ್ಥಶಾಸ್ತ್ರ ಓದಲಾ, ನೀತಿಶಾಸ್ತ್ರ ಓದಲಾ?

ಪ್ರತಿಯೊಬ್ಬರೂ ತಮ್ಮ ಲಾಭವನ್ನೇ ನೋಡುತ್ತಾರೆ ಅನ್ನುವ ಅರ್ಥಶಾಸ್ತ್ರದ ಸ್ವಹಿತದ ಮಾದರಿ, ಕಾಳು ಮಾರುವ ಮಾರುಕಟ್ಟೆಯಾದ ಗಂಜ್‌ನಲ್ಲಿ ಚೆನ್ನಾಗಿ ಹೊಂದುತ್ತದೆ. ರೈತ ಚೀಲದಿಂದ ಹಿಡಿ ತೊಗರಿ ತೆಗೆದು ತೋರಿಸುತ್ತಾನೆ. ಖರೀದಿದಾರ ಒಂದು ಕಾಳನ್ನು ಹಲ್ಲಲ್ಲಿ ಕಡಿದು ಹಸಿ ಎಷ್ಟಿದೆ ನೋಡುತ್ತಾನೆ. ಇಬ್ಬರೂ ತಮ್ಮ ಲಾಭ ನೋಡುತ್ತಾರೆ ಅಂದುಕೊಂಡರೆ ಸಾಕು, ಆವಕ ಜಾಸ್ತಿಯಾದಾಗ ದರ ಯಾಕೆ ಬೀಳುತ್ತದೆ ಅಂತ ತಿಳಿಯುತ್ತದೆ. ನೀತಿಶಾಸ್ತ್ರಕ್ಕೆ ಇದು ಬರಲ್ಲ.

ಆದರೆ 1982ರಲ್ಲಿ ಜರ್ಮನಿಯ ಮೂವರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬ ಹಣ ಹಂಚಬೇಕು. ಇನ್ನೊಬ್ಬ ಒಲ್ಲೆ ಅಂದರೆ ಇಬ್ಬರಿಗೂ ಸೊನ್ನೆ. ಲೆಕ್ಕದ ಪ್ರಕಾರ 100 ರೂಪಾಯಿಯಲ್ಲಿ 1 ಕೊಟ್ಟರೂ ತಗೋಬೇಕು, ಅಲ್ವಾ? ಮುಂದೆ ಎಷ್ಟೋ ಕಡೆ ಇದೇ ಆಟ ಆಡಿಸಿದರು. ತೀರಾ ಕಡಿಮೆ ಪಾಲು ಬಂದರೆ ಬಹಳ ಜನ ಕೈಗೆ ಬಂದ ದುಡ್ಡನ್ನೇ ಬಿಟ್ಟರು. ಅನ್ಯಾಯ ಸಹಿಸಲಿಲ್ಲ.

ಆ ಸಿಟ್ಟು ಇದೆ ಅಂತ ಅರ್ಥಶಾಸ್ತ್ರ ಅಳೆಯುತ್ತದೆ. ಅದು ಸರಿಯಾ ಅಂತ ಕೇಳುವುದು ನೀತಿಶಾಸ್ತ್ರ. ಶರಣಬಸವೇಶ್ವರರ ದಾಸೋಹದ ಊರಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಹಂಚಿ ಉಣ್ಣುವುದನ್ನು 'ಅದೂ ಒಂದು ಲಾಭವೇ' ಅಂತ ಮಾದರಿಯೊಳಗೆ ತುರುಕಬಹುದು. ನನಗೆ ಒಪ್ಪಿಗೆ ಇಲ್ಲ. ಎಲ್ಲವೂ ಲಾಭವಾದರೆ 'ಲಾಭ' ಅನ್ನುವ ಮಾತಿಗೆ ಅರ್ಥವೇ ಉಳಿಯಲ್ಲ.

ಗಣಿತ ಇಷ್ಟವಿದ್ದರೆ, ಬೇಗ ಕೆಲಸ ಬೇಕಿದ್ದರೆ ಅರ್ಥಶಾಸ್ತ್ರ ಹಿಡಿಯಿರಿ. ವಾದ ಮಾಡುವ ತಾಳ್ಮೆ ಇದ್ದರೆ ನೀತಿಶಾಸ್ತ್ರ. ಅರ್ಥಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಆಡಂ ಸ್ಮಿತ್ 1759ರಲ್ಲಿ ನೈತಿಕ ಭಾವನೆಗಳ ಬಗ್ಗೆ ಬರೆದ, ಸಂಪತ್ತಿನ ಬಗ್ಗೆ 1776ರಲ್ಲಿ. ತಂಗಿಗೂ ಅದೇ ಕ್ರಮ ಹೇಳಿದೆ: ಮೊದಲು ನೀತಿ, ಆಮೇಲೆ ಅರ್ಥ.