ಗ್ಯಾಸ್ ತುಂಬಿಸುವ ಮೊದಲು ಫ್ರೀಜರಿನ ಹಿಂದೆ ಏನಿದೆ ಅಂತ ನೋಡಿ

ಫ್ರಿಜ್ ತಣ್ಣಗಾಗುತ್ತಿಲ್ಲ ಅಂದ ಕೂಡಲೇ "ಗ್ಯಾಸ್ ಹೋಗಿದೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ತಕ್ಷಣ ಒಪ್ಪಬೇಡಿ. ನಾವು ಒಪ್ಪಿದೆವು. 3,200 ರೂಪಾಯಿ ಹೋಯಿತು, ಫ್ರಿಜ್ ಸರಿಯಾಗಲಿಲ್ಲ.

ನಮ್ಮ ಮನೆ ಪೆರ್ಲದಿಂದ ಸ್ವಲ್ಪ ಒಳಗೆ. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್, ಆರು ವರ್ಷ ಆಗಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆಳಗಿನ ಭಾಗದಲ್ಲಿ ಇಟ್ಟ ಹಾಲು ಒಡೆಯತೊಡಗಿತು. ದೋಸೆ ಹಿಟ್ಟು ಬೆಳಿಗ್ಗೆ ನೋಡಿದರೆ ಪಾತ್ರೆಯಿಂದ ಉಕ್ಕಿರುತ್ತಿತ್ತು. ಮೇಲೆ ಫ್ರೀಜರಿನಲ್ಲಿ ಮಾತ್ರ ಐಸ್ ಗಟ್ಟಿಯಾಗಿಯೇ ಇತ್ತು. ಅಮ್ಮನ ಇನ್ಸುಲಿನ್ ಕೆಳಗೆ ಹಾಳಾದೀತು ಅಂತ ಹೆದರಿ ನಾನು ಅದನ್ನು ಫ್ರೀಜರಿಗೆ ಹಾಕಿದೆ. ಅದು ಹೆಪ್ಪುಗಟ್ಟಿತು. ಮೆಡಿಕಲ್‌ನವರು ನೋಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿದರೂ ಬಳಸಬಾರದು, ಎಸೆಯಿರಿ ಅಂದರು. ನೀವು ಹಾಗೆ ಮಾಡಬೇಡಿ. ಅದಕ್ಕೆ 2ರಿಂದ 8 ಡಿಗ್ರಿ ಬೇಕು, ಫ್ರೀಜರ್ ಬೇಡ.

ರಿಪೇರಿಯವರು ಹಿಂದಿನ ದಿನವೇ ಫೋನ್‌ನಲ್ಲಿ, "ಅಕ್ಕಾ, ಸ್ವಿಚ್ ಆಫ್ ಮಾಡಿ ಬಾಗಿಲು ತೆರೆದಿಡಿ" ಅಂದಿದ್ದರು. ರಾತ್ರಿಯಿಡೀ ಹಾಗೆ ಇಟ್ಟೆವು. ನೆಲದ ತುಂಬ ನೀರು, ಎರಡು ಸಲ ಒರೆಸಿದೆ. ಬೆಳಿಗ್ಗೆ ಬಂದವರು ಕಂಪ್ರೆಸರ್ ಮುಟ್ಟಿ ನೋಡಿ ಗ್ಯಾಸ್ ಕಡಿಮೆ ಅಂದರು. ಒಳಗಿನ ಮುಚ್ಚಳ ಬಿಚ್ಚಲೇ ಇಲ್ಲ. ಗ್ಯಾಸ್ ತುಂಬಿಸಿದರು, ಬಿಲ್ ಕೊಡಲಿಲ್ಲ. ಫ್ರಿಜ್ ಚೆನ್ನಾಗಿ ತಣ್ಣಗಾಯಿತು. ನಮಗೆ ಖುಷಿ.

ಹನ್ನೊಂದನೇ ದಿನ ಮತ್ತೆ ಹಾಲು ಒಡೆಯಿತು. ಈ ಸಲ ಅವರು "ಒಳಗೆ ಲೀಕ್ ಇದೆ, ಕಾಯಿಲ್ ಬದಲಿಸಬೇಕು, 7,500" ಅಂದರು. ಕಾಯಿಲ್ ಅಂದರೆ ಗ್ಯಾಸ್ ಹರಿದು ತಂಪು ಮಾಡುವ ಕೊಳವೆಯ ಸುರುಳಿ.

ಅಷ್ಟರಲ್ಲಿ ನೆರೆಮನೆಯ ಹುಡುಗ, ಐಟಿಐ ಕಲಿತವನು, ರಜೆಯಲ್ಲಿ ಊರಿಗೆ ಬಂದಿದ್ದ. ಅವನು ಮೊದಲು ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ. ಕಾಯಿಲ್ ಕಾಣಿಸಲೇ ಇಲ್ಲ, ಅಷ್ಟು ಐಸ್. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. "ಅಕ್ಕ, ಗ್ಯಾಸ್ ಕಡಿಮೆ ಇದ್ದಿದ್ದರೆ ಸಾಮಾನ್ಯವಾಗಿ ಕಾಯಿಲಿನ ಒಂದು ಬದಿಯಲ್ಲಿ ಮಾತ್ರ ಐಸ್ ಕಟ್ಟುತ್ತದೆ. ಇದು ಹಾಗಲ್ಲ. ಫ್ಯಾನ್‌ಗೆ ಗಾಳಿಯೇ ಸಿಗುತ್ತಿಲ್ಲ, ಕೆಳಗೆ ತಂಪು ಇಳಿಯುವುದು ಹೇಗೆ?" ಅಂದ.

ಆಗ ಅರ್ಥವಾಯಿತು. ಮೊದಲ ಸಲ ಫ್ರಿಜ್ ಸರಿಯಾದದ್ದು ಗ್ಯಾಸಿನಿಂದ ಅಲ್ಲ. ರಾತ್ರಿಯಿಡೀ ಬಾಗಿಲು ತೆರೆದಿಟ್ಟಾಗ ಐಸ್ ಕರಗಿತ್ತಲ್ಲ, ಅದರಿಂದ! ನಾನು ಒರೆಸಿದ ನೀರು ಅದೇ. ಮತ್ತೆ ಐಸ್ ಕಟ್ಟಲು ಹನ್ನೊಂದು ದಿನ ಹಿಡಿಯಿತು ಅಷ್ಟೇ. ಇದನ್ನು ಎಲ್ಲರೂ ಗೊತ್ತುಮಾಡಿಕೊಳ್ಳಬೇಕು ಅಂತಲೇ ಇಷ್ಟು ಬರೆಯುತ್ತಿದ್ದೇನೆ. ರಿಪೇರಿಗೆ ಹಣ ಕೊಡುವ ಮೊದಲು ನೀವೇ ಒಂದು ದಿನ ಪ್ಲಗ್ ತೆಗೆದು ಬಾಗಿಲು ತೆರೆದಿಡಿ. ಆಮೇಲೆ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಕೆಟ್ಟರೆ, ಐಸ್ ಕರಗಿಸುವ ವ್ಯವಸ್ಥೆಯ ಮೇಲೆಯೇ ಜಾಸ್ತಿ ಅನುಮಾನ ಪಡಿ. ಚಾಕು ಹಾಕಿ ಐಸ್ ಕೆರೆಯಬೇಡಿ, ಕೊಳವೆ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ.

ಕಾಯಿಲಿನ ಐಸನ್ನು ಆಗಾಗ ಕರಗಿಸುವ ಹೀಟರ್ ಸರಿ ಇತ್ತು, ಫ್ಯಾನ್ ತಿರುಗುತ್ತಿತ್ತು. ಉಳಿದದ್ದು ಕಾಯಿಲಿಗೆ ಸಿಕ್ಕಿಸಿದ, ಅದರ ಬಿಸಿ ತಂಪು ಅಳೆಯುವ ಪುಟ್ಟ ಸೆನ್ಸರ್. ಅದು ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಏರಬೇಕು. ಹುಡುಗ ಪ್ಲಗ್ ತೆಗೆದು, ಸೆನ್ಸರಿನ ಕನೆಕ್ಟರ್ ಬಿಡಿಸಿ, ಆ ತಡೆ ಅಳೆಯಲು ಮಲ್ಟಿಮೀಟರನ್ನು 20 ಕಿಲೋ ಓಮ್‌ಗೆ ಇಟ್ಟ. ಲೋಟದಲ್ಲಿ ಪುಡಿ ಮಾಡಿದ ಐಸ್, ಸ್ವಲ್ಪ ನೀರು, ಚೆನ್ನಾಗಿ ಕಲಕಿದರೆ ಅದು ಹೆಚ್ಚುಕಮ್ಮಿ 0 ಡಿಗ್ರಿ. ಐದು ನಿಮಿಷ ಸೆನ್ಸರನ್ನು ಅದರಲ್ಲಿ ಮುಳುಗಿಸಿಟ್ಟ. ನಮ್ಮ ಮಾದರಿಯದ್ದು 25 ಡಿಗ್ರಿಯಲ್ಲಿ 5 ಕಿಲೋ ಓಮ್ ಇರಬೇಕು, ಐಸ್ ನೀರಿನಲ್ಲಿ ಅದರ ಎರಡೂವರೆ ಮೂರು ಪಟ್ಟು ಆಗಬೇಕು. ಇದು ಹೊರಗೂ 2 ಚಿಲ್ಲರೆ, ಐಸಿನಲ್ಲೂ 2 ಚಿಲ್ಲರೆ. ಕೆಳಗಿನ ಭಾಗದ ಸೆನ್ಸರನ್ನೂ ಅದೇ ಲೋಟಕ್ಕೆ ಹಾಕಿದ, ಅದು ಸರಸರ 13 ದಾಟಿತು. ಕೆಟ್ಟದ್ದರ ಒಳಗೆ ನೀರು ಸೇರಿತ್ತು. ಕಾಯಿಲ್ ಬಿಸಿಯಾಗಿದೆ ಅಂತ ಅದು ಫ್ರಿಜ್ಜನ್ನು ನಡೆಸುವ ಸರ್ಕ್ಯೂಟ್ ಬೋರ್ಡಿಗೆ ಸುಳ್ಳು ಹೇಳುತ್ತಿತ್ತು, ಬೋರ್ಡು ಹೀಟರನ್ನು ಬೇಗ ನಿಲ್ಲಿಸುತ್ತಿತ್ತು. ಕೆಲವು ಕಂಪನಿಗಳದ್ದು 10 ಕಿಲೋ ಓಮ್ ಇರುತ್ತದೆ, ಹಾಗಾಗಿ ನಿಮ್ಮ ಮಾದರಿಯ ಅಂಕಿ ನೋಡಿಕೊಳ್ಳಿ.

ಹೊಸ ಸೆನ್ಸರಿಗೆ 350 ರೂಪಾಯಿ.

ಇನ್ನೊಂದು ಮಾತು, ಇದು ಹಣದ್ದಲ್ಲ. ನಮ್ಮ ಫ್ರಿಜ್ಜಿನ ಹಿಂದಿನ ಲೇಬಲ್‌ನಲ್ಲಿ ಆರ್600ಎ ಅಂತ ಇತ್ತು. ಅದು ಬೆಂಕಿ ಹಿಡಿಯುವ ಗ್ಯಾಸ್, ಐಸೋಬ್ಯೂಟೇನ್. ತುಂಬಬೇಕಾದದ್ದು ಕೆಲವೇ ಹತ್ತು ಗ್ರಾಂ, ತೂಕ ಮಾಡಿಯೇ ತುಂಬಬೇಕು. ನಮ್ಮಲ್ಲಿಗೆ ಬಂದವರ ಹತ್ತಿರ ತಕ್ಕಡಿಯೂ ಇರಲಿಲ್ಲ, ಕೊಳವೆಯೊಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪೂ ಇರಲಿಲ್ಲ. ಮಳೆ ಅಂತ ಕಿಟಕಿ ಮುಚ್ಚಿದ ಅಡಿಗೆಕೋಣೆಯಲ್ಲಿ ಬೆಂಕಿ ಹಚ್ಚಿ ಕೊಳವೆ ಬೆಸೆದರು. ಅಮ್ಮ ಪಕ್ಕದ ಕೋಣೆಯಲ್ಲೇ ಮಲಗಿದ್ದರು. ಈಗ ನೆನೆದರೂ ಎದೆ ಝಲ್ ಅನ್ನುತ್ತದೆ. ಗ್ಯಾಸ್ ಗಾಡಿಯ ಪೆಟ್ರೋಲಿನ ಹಾಗೆ ಓಡಿ ಓಡಿ ಮುಗಿಯುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಎಲ್ಲಿ ಅಂತ ತೋರಿಸಿ ಅಂತ ಕೇಳಿ. ಬಿಲ್ ಕೇಳಿ. ಬಿಲ್ ಇದ್ದಿದ್ದರೆ ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಆವತ್ತೇ ಫೋನ್ ಮಾಡುತ್ತಿದ್ದೆ.

ಸೆನ್ಸರ್ ಬದಲಿಸಿ ಎರಡು ತಿಂಗಳಾಯಿತು. ಕೆಳಗಿನ ತಟ್ಟೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟಿದ್ದೇನೆ. ಅಮ್ಮ ದಿನಾ ಬೆಳಿಗ್ಗೆ ಇನ್ಸುಲಿನ್ ತೆಗೆಯುವಾಗ ಅದನ್ನು ಓದಿ ನನಗೆ ಕೂಗಿ ಹೇಳುತ್ತಾರೆ. ಇವತ್ತು 4 ಇತ್ತು.