ಗಡಿಯಾಚೆಗೆ ಪಾರ್ಸೆಲ್ ಒಯ್ಯುವವರನ್ನು ಹುಡುಕಿಕೊಡುವ ಆ್ಯಪ್: 4 ಸ್ಟಾರ್

ಗಡಿ ದಾಟಿ ಸ್ವಂತ ವ್ಯಾನ್ ಓಡಿಸುವವರನ್ನು ನಮ್ಮಂಥ ಬಿಡಿ ಗಿರಾಕಿಗಳಿಗೆ ಹುಡುಕಿಕೊಡುವ ಆ್ಯಪ್ ಇದು. ಪರದೇಶದಲ್ಲಿರುವ ಅಕ್ಕನಿಗೆ ನಾನು ಹೆಣೆದ ಸ್ವೆಟರ್, ಹೊದಿಕೆಗಳನ್ನು ಇದರ ಮೂಲಕವೇ ಕಳಿಸುತ್ತೇನೆ. ತೂಕ ಕಡಿಮೆ, ಆದರೆ ಜಾಗ ತಿನ್ನುವ ಸಾಮಾನು. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ; ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅಷ್ಟು ಕಿಲೋಗೆ ದರ ಹಾಕುತ್ತಾರೆ. 50, 40, 40ರ ಪೆಟ್ಟಿಗೆಯೊಳಗೆ 3 ಕಿಲೋ ಉಣ್ಣೆ ಇದ್ದರೂ 16 ಕಿಲೋಗೆ ದುಡ್ಡು ತೆರಬೇಕು. ವ್ಯಾನಿನವರ ಹತ್ತಿರ ಹಾಗಲ್ಲ, ಚೀಲದಲ್ಲಿ ಒತ್ತಿ ಕಟ್ಟಿಕೊಟ್ಟರೆ ದರವೂ ಇಳಿಯುತ್ತದೆ.

ನನಗೆ ತುಂಬಾ ಹಿಡಿಸಿದ್ದು ಪ್ಯಾಕಿಂಗ್‌ನ ಕ್ರಮ. ಸಾಮಾನನ್ನು ಒಯ್ಯುವವರ ಎದುರೇ ತುಂಬಬೇಕು. ನಮ್ಮ ವ್ಯಾನಿನಣ್ಣ ಪ್ರತಿ ಸ್ವೆಟರಿನ ತೋಳಿನೊಳಗೂ ಕೈ ಹಾಕಿ ನೋಡುತ್ತಾರೆ, ಮಡಿಕೆ ಬಿಚ್ಚಿ ಫೋಟೋ ತೆಗೆಯುತ್ತಾರೆ. ಟೇಪ್ ಅಂಟಿಸಿದ ಮೇಲೆ ಟೇಪಿಗೂ ಪೆಟ್ಟಿಗೆಗೂ ತಾಗುವಂತೆ ನನ್ನಿಂದ ಸಹಿ ಹಾಕಿಸುತ್ತಾರೆ. ಗಡಿಯಲ್ಲಿ ಉತ್ತರ ಕೊಡಬೇಕಾದವರು ಅವರು, ಹೀಗೆ ನೋಡಲೇಬೇಕು. ಬಾಡಿಗೆ ಆ್ಯಪ್‌ನಲ್ಲೇ ಉಳಿದಿರುತ್ತದೆ. ಅಕ್ಕ ಪೆಟ್ಟಿಗೆ ತೆರೆದು ನೋಡಿ ಕೋಡ್ ಹೇಳಿದ ಮೇಲಷ್ಟೇ ವ್ಯಾನಿನಣ್ಣನ ಕೈ ಸೇರುತ್ತದೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಸ್ಟಮ್ಸ್ ವಿಷಯಕ್ಕೆ. ಅಂಚೆಯಲ್ಲಿ ಕಳಿಸಿದರೆ ಸಿಎನ್ 22 ಅಥವಾ ಸಿಎನ್ 23 ಎಂಬ ಕಸ್ಟಮ್ಸ್ ಫಾರಂನಲ್ಲಿ ಪ್ರತಿ ವಸ್ತುವಿನ ವಿವರ, ತೂಕ, ಬೆಲೆ ಬರೆಯಬೇಕು. ಇಲ್ಲಿ 'ಉಡುಗೊರೆ' ಎಂದು ಟಿಕ್ ಮಾಡಿದರೆ ಮುಗಿಯಿತು. ಉಡುಗೊರೆ ಅಂದ ಮಾತ್ರಕ್ಕೆ ಸುಂಕ ಮಾಫಿಯಾಗುವುದಿಲ್ಲ, ಅದಕ್ಕೂ ಮಿತಿ ಇರುತ್ತದೆ. ಒಮ್ಮೆ ಇನ್ನಾರೋ ಹೇಳದೆ ಔಷಧಿ ಇಟ್ಟು ಕಳಿಸಿದ್ದರಿಂದ ಇಡೀ ವ್ಯಾನನ್ನೇ ಗಡಿಯಲ್ಲಿ ನಿಲ್ಲಿಸಿದರು, ನನ್ನ ಪೆಟ್ಟಿಗೆಯೂ ಅಲ್ಲೇ ಉಳಿಯಿತು. ಫೋನ್ ಮಾಡಿ ತಿಳಿಸಿದ್ದು ವ್ಯಾನಿನಣ್ಣ. ಆ್ಯಪ್‌ನಲ್ಲಿ ಕೊನೆಯವರೆಗೂ 'ದಾರಿಯಲ್ಲಿದೆ' ಎಂದೇ ಇತ್ತು. ಇದು ಬದಲಾಗಲೇಬೇಕು.

ಆ್ಯಪ್‌ನವರು 'ವಿಮೆ ಇದೆ' ಅನ್ನುತ್ತಾರೆ, ಎಷ್ಟಕ್ಕೆ ಎಂದು ಹೇಳುವುದಿಲ್ಲ. ದೇಶದೇಶಗಳ ನಡುವಿನ ರಸ್ತೆ ಸಾಗಣೆಯ 1956ರ ಸಿಎಂಆರ್ ಒಪ್ಪಂದ ಅನ್ವಯಿಸುವ ಕಡೆ ಸಾಮಾನು ಕಳೆದರೆ ಪರಿಹಾರದ ಸಾಮಾನ್ಯ ಮಿತಿ ಕಿಲೋಗೆ 8.33 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕೆ ಬಳಸುವ ಮಾನ). ಅಂದರೆ ನನ್ನ 3 ಕಿಲೋ ಉಣ್ಣೆಗೆ ಸುಮಾರು 25 ಎಸ್‌ಡಿಆರ್. ಬುಕ್ ಮಾಡುವಾಗಲೇ ಇಂಥ ಮಿತಿ ಕಣ್ಣಿಗೆ ಬೀಳಬೇಕು.

ಬಟ್ಟೆಬರೆ, ಪುಸ್ತಕ ಕಳಿಸುವವರು ನಿಶ್ಚಿಂತೆಯಿಂದ ಬಳಸಿ. ಒಡವೆ, ಮೂಲ ದಾಖಲೆಗಳನ್ನು ಮಾತ್ರ ಸದ್ಯಕ್ಕೆ ಇದರಲ್ಲಿ ಕಳಿಸಬೇಡಿ.